ಉತಾರದಲ್ಲಿ ಕಾಣದ ಋಣ

ಹೊಲವನ್ನು ಬ್ಯಾಂಕಿಗೆ ಅಡವಿಟ್ಟರೆ ಉತಾರದ 11ನೆಯ ಅಂಕಣದಲ್ಲಿ ಬೋಜಾ ಏರುತ್ತದೆ. ನಮ್ಮ ಒಕ್ಕಲು ಮಕ್ಕಳು ಅದೊಂದನ್ನೇ ಋಣವೆಂದು ಎಣಿಸುವರು. ಅಲ್ಲಿ ಕಾಣದ ಸಾಲಗಳನ್ನೂ ಬ್ಯಾಂಕು ಈಗ ಎಣಿಸುತ್ತದೆ.

ಕಟಕೋಳದ ದಂಪತಿಗಳು ನಮ್ಮಲ್ಲಿಗೆ ಬಂದಿದ್ದರು. ಪತಿಯು ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದವನು. ಜಂಟಿ ಹೆಸರಿನ ಹೊಲದ ಮೇಲೆ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲವಿದೆ. ನವೀಕರಣದ ಹೊತ್ತಿಗೆ ಪತಿ ಕಂತಿನ ಮೇಲೆ ಮೋಟಾರುಬೈಕು ತಂದಿದ್ದ. ಪತ್ನಿ ಮಗಳ ಓದಿಗಾಗಿ, ಅವನಿಗೆ ತಿಳಿಸದೆ, ಸಂಘದ ಸಾಲ ಎತ್ತಿದ್ದಳು. ಬ್ಯಾಂಕು ಮಿತಿಯನ್ನು ಇಳಿಸಿತು.

“ಅಜ್ಜಾರ, ಹೊಲಾ ಅಷ್ಟ ಐತಿ, ಬೆಲಿನೂ ಏರೇತಿ. ಸಾಲ ಯಾಕ ಕಡಿಮಿ ಮಾಡ್ತಾರ?”

ಹೊಲವು ಭದ್ರತೆ ಮಾತ್ರ. ಸಾಲ ತೀರಬೇಕಾದುದು ಬೆಳೆಯಿಂದ. ಜೋಳ, ಕಡಲೆ ವರ್ಷಕ್ಕೊಮ್ಮೆ ಕೈಗೆ ಬಂದರೆ ಸಂಘದ ಕಂತು ವಾರವಾರ ಬಾಗಿಲಿಗೆ ಬರುತ್ತದೆ. ಇಬ್ಬರ ಕಂತುಗಳನ್ನೂ ಕಳೆದು ಉಳಿಯುವುದೆಷ್ಟೆಂದು ಬ್ಯಾಂಕು ನೋಡುತ್ತದೆ. ಗಂಡನಿಗೆ ಗೊತ್ತಿಲ್ಲದ ಸಾಲವು ಸಿಬಿಲ್ ವರದಿಗೆ ಗೊತ್ತಿರುತ್ತದೆ! ಹೆಂಡತಿ ಮುಚ್ಚಿಟ್ಟಳೆಂದು ಅವನು ಸಿಡುಕಿದ. ಬೈಕು ತರುವಾಗ ಅವಳನ್ನು ಕೇಳಿದ್ದೆಯಾ ಎಂದೆವು, ಸುಮ್ಮನಾದ.

ಹಳೆಯ ಬಾಕಿ ತುಂಬಲು ನೂರಕ್ಕೆ ತಿಂಗಳಿಗೆ ಮೂರರಂತೆ ಕೈಗಡ ತರುವ ಯೋಚನೆ ಅವರಿಗಿತ್ತು. ಮಿತಿ ಇಳಿದ ಮೇಲೆ ಹೊಸ ಮಂಜೂರಾತಿಯಿಂದ ಆ ಕೈಗಡವೂ ಪೂರ್ತಿ ತೀರದು. ಉಳಿದುದಕ್ಕೆ ವರ್ಷಕ್ಕೆ ನೂರಕ್ಕೆ 36 ಬಡ್ಡಿ. ಗಡುವಿನೊಳಗೆ ತುಂಬಿದವರಿಗೆ ಮೂರು ಲಕ್ಷದವರೆಗಿನ ಬೆಳೆಸಾಲ ಶೇಕಡಾ 4ಕ್ಕೇ ದೊರೆಯುವಾಗ ಇದೆಂಥ ವ್ಯವಹಾರ?

ಕಣದಲ್ಲಿ ಕಡಲೆಯಿತ್ತು. ಅದನ್ನು ಮಾರಿ ಬಾಕಿ ತುಂಬಿದರು. ಇಳಿದ ಮಿತಿಗೇ ಇಬ್ಬರೂ ರುಜು ಹಾಕಿದರು. ಬೈಕಿನ ಕಂತು ಇನ್ನೂ ಇದೆ.