ಮೊಮ್ಮಗನಿಗೊಂದು ಗಾಳ

ನಮ್ಮ ಬಾಲ್ಯದಲ್ಲಿ ಗಾಳವೆಂದರೆ ಒಂದು ಬಿದಿರಿನ ಕೋಲು, ಹುರಿಮಾಡಿದ ದಾರ, ಜೋಳದ ದಂಟಿನ ಬೆಂಡು, ಇಷ್ಟೇ. ನಿಲಂಗಾ, ಉದಗೀರ ತಾಲೂಕುಗಳು 1956ರಲ್ಲಿ ಬೀದರ ಜಿಲ್ಲೆಯಿಂದ ಬೇರ್ಪಟ್ಟ ಮೇಲೆಯೂ ನಮ್ಮ ತೀರ್ಥರೂಪರು ಅದೇ ಕೋಲನ್ನು ಹಿಡಿದು ಮಾಂಜ್ರಾ ದಂಡೆಯಲ್ಲಿ ಕುಳಿತಿರುತ್ತಿದ್ದರು.

ಉದಗೀರದಲ್ಲಿ ಓದುವ ನಮ್ಮ ಮೊಮ್ಮಗನು ಹೋದ ದೀಪಾವಳಿಯ ರಜೆಗೆ ಊರಿಗೆ ಬಂದವನೇ, "ಮುತ್ಯಾ, ನನಗ ರೀಲಿನ ಗಾಳ ಬೇಕು" ಎಂದನು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುವ ಹುಡುಗನು ಈ ಬೇಡಿಕೆಯನ್ನು ಕನ್ನಡದಲ್ಲಿಯೇ ಮುಂದಿಟ್ಟನು. ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ.

ಪಿಂಚಣಿಯ ಹಣ ಎಷ್ಟಿದ್ದೀತು? ಪೇಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾದ ಜೋಡಿಯನ್ನು ತಂದೆವು. ಡಬ್ಬಿಯ ಮೇಲೆ ಹತ್ತು ಬೇರಿಂಗುಗಳೆಂದು ಅಚ್ಚಾಗಿದ್ದುದಕ್ಕೆ ಮರುಳಾದೆವು. ಮೂರನೆಯ ದಿನ ದೊಡ್ಡ ಮೀನೊಂದು ಕಚ್ಚಿ ಓಡಿತು. ರೀಲು ದಾರವನ್ನು ಬಿಡಲೊಲ್ಲದು. ದಾರ ಹರಿಯಿತು, ಮೀನು ಹೋಯಿತು. ಹುಡುಗನ ಕಣ್ಣು ತುಂಬಿದವು, ತಪ್ಪು ನಮ್ಮದಾಗಿತ್ತು.

ಎರಡನೆಯ ಸಲ ಉಮರ್ಗಾದ ಸೋದರಳಿಯನನ್ನು ಜೊತೆಗೆ ಕರೆದೊಯ್ದೆವು. ಅವನು ಹೇಳಿಕೊಟ್ಟುದನ್ನು ಓದುಗರಿಗೂ ತಿಳಿಸುತ್ತೇವೆ. ಈ ಬಗೆಯ ರೀಲಿನಲ್ಲಿ ಗಾಳವನ್ನು ಎಸೆದಾಗ ಉರುಳೆ ತಿರುಗುವುದಿಲ್ಲ; ನೇಕಾರರ ಕಂಡಿಕೆಯಿಂದ ನೂಲು ಬಿಚ್ಚುವಂತೆ ದಾರವು ಅಂಚಿನ ಮೇಲಿಂದ ಬಿಚ್ಚಿಕೊಳ್ಳುತ್ತದೆ. 1905ರಲ್ಲಿ ಇಂತಹ ರೀಲಿಗೆ ಪೇಟೆಂಟು ಪಡೆದ ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಉಣ್ಣೆ ಗಿರಣಿಯವನೇ ಆಗಿದ್ದನು.

ಕೊಳ್ಳುವಾಗ ಹಿಡಿಕೆಯನ್ನು ತಿರುವಬೇಕು. ಗರಗರ ಸದ್ದು, ಅಲುಗಾಟ ಇರಕೂಡದು. ಬಿಗಿಯನ್ನು ಹೆಚ್ಚುಕಡಿಮೆ ಮಾಡುವ ತಿರುಪಿಗೆ ಡ್ರ್ಯಾಗ್ ಎನ್ನುತ್ತಾರೆ. ಅದನ್ನು ತುಸು ಸಡಿಲಿಸಿ ಎಳೆದರೆ ದಾರವು ತಡೆತಡೆದು ಬಾರದೆ ಒಂದೇ ಸಮನೆ ಬರಬೇಕು. ಬೇರಿಂಗಿನ ಎಣಿಕೆಗಿಂತ ಇದೇ ಮುಖ್ಯ. ನಮ್ಮ ಹೊಳೆ ಕೆರೆಗಳಿಗೆ 2500 ಅಥವಾ 3000 ಅಂಕಿಯ ರೀಲು, ಏಳಡಿಯ ಫೈಬರ್‌ಗ್ಲಾಸ್ ಕೋಲು ಸಾಕು. ಕಾರ್ಬನ್ ಕೋಲು ಹಗುರವಾದರೂ ಬೆಲೆ ಹೆಚ್ಚು, ಪೆಟ್ಟು ತಾಳದು. ಕೋಲಿನ ಉಂಗುರಗಳೊಳಗೆ ಹತ್ತಿಯನ್ನು ಆಡಿಸಬೇಕು; ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆಯೆಂದು ತಿಳಿಯಬೇಕು. ಉಳಿಸಿದ ಹಣದಲ್ಲಿ ಒಳ್ಳೆಯ ನೈಲಾನ್ ದಾರ ಕೊಳ್ಳುವುದು ಜಾಣತನ. ಐದು ಕಿಲೋ ತಾಳುವ ದಾರಕ್ಕೆ, ಒಂದೂವರೆ ಕಿಲೋ ಎಳೆತಕ್ಕೆ ಬಿಚ್ಚುವಂತೆ ತಿರುಪನ್ನು ಬಿಗಿಯಬೇಕು. ಜಲಾಶಯಗಳಲ್ಲಿ ಮೀನಿನ ಹಕ್ಕು ಸಹಕಾರಿ ಸಂಘದ್ದಾಗಿರುವುದುಂಟು. ಕೇಳಿಯೇ ಗಾಳ ಹಾಕಬೇಕು.

ಹೆಚ್ಚು ಹಣ ಸುರಿಯುವ ಸೀಮೆಯೂ ಇದಲ್ಲ. 2016ರಲ್ಲಿ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ಬಂದಿತು. ಹೊಳೆಯಲ್ಲಿ ನೀರಿದ್ದಾಗಲಷ್ಟೇ ಗಾಳದ ಮಾತು.

ರಜೆಯ ಕೊನೆಯ ಸಂಜೆ ಮತ್ತೊಂದು ಮೀನು ಕಚ್ಚಿತು. "ಬಿಡು, ಓಡ್ಲಿ ಬಿಡು! ಈಗ ಸುತ್ತು!" ಎಂದು ನಾವು ಕೂಗಿದೆವು. "ಬಿಟ್ಟೀನಿ ಮುತ್ಯಾ, ಬಿಟ್ಟೀನಿ!" ಎಂದು ಅವನೂ ಕೂಗಿದನು. ಒಂದು ಕಿಲೋದ ರೋಹು ದಡಕ್ಕೆ ಬಂದಿತು. ಮನೆಗೆ ಬಂದು ಅಜ್ಜಿಗೆ ಆ ಕಥೆಯನ್ನೆಲ್ಲ ಅವನು ಹೇಳಿದ್ದು ಕನ್ನಡದಲ್ಲಿಯೇ. ನಡುವೆ ಮಾತು ಸಿಗದಾದಾಗ ನಮ್ಮ ಮುಖ ನೋಡುತ್ತಿದ್ದನು, ನಾವು ಹೇಳಿಕೊಡುತ್ತಿದ್ದೆವು.