ಕಣ್ಣಿಗೊಂದು ಹನಿ, ಕೆನ್ನೆಗೆ ಮೂರು

ಬಹಳ ದಿನವಾಯ್ತು ಏನೂ ಬರೆಯದೆ. ಆಫೀಸು, ಕೆಲಸ ಅಂತ ನೆವ ಹೇಳಬಹುದು. ಆದರೆ ನಿಜವಾದ ಕಾರಣ ಕಣ್ಣು.

ಫೆಬ್ರವರಿ ಬಂತೆಂದರೆ ನನಗೆ ಕಣ್ಣು ಕೆರೆತ ಶುರು. ಮನೆ ಪಕ್ಕದ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡ, ಎದುರಿಗೆ ಅಗೆದು ಬಿಟ್ಟ ರಸ್ತೆಯ ಧೂಳು. ಯಾವುದಕ್ಕೆ ಅಲರ್ಜಿ ಅಂತ ಪರೀಕ್ಷೆ ಮಾಡಿಸಿಲ್ಲ, ಎರಡನ್ನೂ ಬೈಯುತ್ತೇನೆ :-) ಕೆರೆತ ಅಂದರೆ ಎಂಥದ್ದು ಅಂತೀರಿ.. ಕಣ್ಣನ್ನೇ ಕಿತ್ತು ನಲ್ಲಿ ಕೆಳಗೆ ತೊಳೆದು ವಾಪಸ್ ಇಟ್ಟುಕೊಳ್ಳೋಣ ಅನ್ನಿಸುವಂಥದ್ದು. ಉಜ್ಜಿದರೆ ಅರ್ಧ ನಿಮಿಷ ಸ್ವರ್ಗ, ಆಮೇಲೆ ದುಪ್ಪಟ್ಟು ಉರಿ.

ಈ ಸಲ ಮೆಡಿಕಲ್ ಶಾಪಿಗೆ ಹೋಗಿ "ಕಣ್ಣು ಕೆರೀತಿದೆ" ಅಂದೆ. ಚೀಟಿ ಗೀಟಿ ಏನೂ ಕೇಳದೆ ಒಂದು ಸಣ್ಣ ಬಾಟಲಿ ಕೊಟ್ಟರು. "ಇದು ಹಾಕ್ಕೊಳ್ಳಿ ಸರ್, ಎರಡೇ ದಿನಕ್ಕೆ ಹೋಗುತ್ತೆ." ನಿಜವಾಗಿಯೂ ಹೋಯಿತು! ಬಿಟ್ಟರೆ ಮತ್ತೆ ಬಂತು. ಮತ್ತೆ ಹಾಕಿದೆ. ಹೀಗೇ ಆರು ವಾರ.

ಕನ್ನಡಕದ ನಂಬರು ಚೆಕ್ ಮಾಡಿಸಲು ಹೋದಾಗ ಡಾಕ್ಟರಮ್ಮ ಕಣ್ಣಿನ ಒತ್ತಡ ನೋಡಿದರು. 27. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕಂತೆ. "ಮನೇಲಿ ಯಾರಿಗಾದ್ರೂ ಗ್ಲಾಕೋಮಾ ಇದೆಯಾ?" ಅಂದರು. ನನ್ನ ಎದೆ ಧಸಕ್ಕೆಂದಿತು. ಅಪ್ಪನಿಗೆ ಇದೆ. ಎಡಗಣ್ಣಿನ ಅಂಚಿನ ನೋಟ ಆಗಲೇ ಹೋಗಿದೆ, ಹೋದದ್ದು ವಾಪಸ್ ಬರುವುದಿಲ್ಲ.

ಬ್ಯಾಗಿನಿಂದ ಬಾಟಲಿ ತೆಗೆದು ತೋರಿಸಿದೆ. ಅದರಲ್ಲಿ ಇದ್ದದ್ದು ಡೆಕ್ಸಾಮೆಥಸೋನ್, ಅಂದರೆ ಸ್ಟೀರಾಯ್ಡ್. ಕೆರೆತ, ಕೆಂಪು ಎಲ್ಲ ಥಟ್ಟನೆ ಇಳಿಸುತ್ತದೆ. ಆದರೆ ವಾರಗಟ್ಟಲೆ ಹಾಕಿದರೆ ಕೆಲವರಿಗೆ ಸದ್ದಿಲ್ಲದೆ ಕಣ್ಣಿನ ಒತ್ತಡ ಏರುತ್ತದೆ. ತಂದೆತಾಯಿಗೆ ಗ್ಲಾಕೋಮಾ ಇದ್ದವರಿಗೆ ಈ ಅಪಾಯ ಹೆಚ್ಚು. ನೋವಿಲ್ಲ, ಗೊತ್ತೂ ಆಗುವುದಿಲ್ಲ. ಇಡೀ ದಿನ ಬೇರೆಯವರ ಕೋಡ್ ಓದಿ ತಪ್ಪು ಹುಡುಕುವ ನಾನು ಲೇಬಲ್ಲಿನ ಮೂರು ಸಾಲು ಓದಿರಲಿಲ್ಲ!

ಅದನ್ನು ನಿಲ್ಲಿಸಿ ಆಂಟಿಹಿಸ್ಟಮಿನ್ ಹನಿ ಬರೆದುಕೊಟ್ಟರು. ಓಲೋಪಟಾಡಿನ್ 0.1%, ದಿನಕ್ಕೆ ಎರಡು ಸಲ. ಅಲರ್ಜಿಯಾದಾಗ ಕಣ್ಣಿನ ಒಳಪೊರೆಯ ಕೆಲವು ಕಣಗಳು ಹಿಸ್ಟಮಿನ್ ಕಾರುತ್ತವೆ, ಕೆರೆತ ಅದರದ್ದೇ. ಉಜ್ಜಿದರೆ ಇನ್ನಷ್ಟು ಕಾರುತ್ತವೆ. ಈ ಔಷಧ ಹಿಸ್ಟಮಿನ್ನಿನ ದಾರಿ ತಡೆಯುವುದಲ್ಲದೆ ಆ ಕಣಗಳನ್ನೂ ಸುಮ್ಮನಾಗಿಸುತ್ತದೆ. ಕಣ್ಣು ಬರೀ ಬೆಳ್ಳಗೆ ಮಾಡುವ ಹನಿಗಳು ಬೇರೆ ಜಾತಿ. ಅವು ರಕ್ತನಾಳ ಕುಗ್ಗಿಸುತ್ತವೆ ಅಷ್ಟೆ, ತುಂಬ ದಿನ ಹಾಕಿ ಬಿಟ್ಟರೆ ಕೆಂಪು ಇನ್ನೂ ಜಾಸ್ತಿ.

ಹಾಕುವ ರೀತಿಯೂ ನನಗೆ ಗೊತ್ತಿರಲಿಲ್ಲ ನೋಡಿ. ಕೈ ತೊಳೆದು, ಕೆಳರೆಪ್ಪೆ ಎಳೆದು, ಆ ಜೋಳಿಗೆಗೆ ಒಂದೇ ಹನಿ. ಕಣ್ಣು ಹಿಡಿಸಿಕೊಳ್ಳುವುದು ಒಂದು ಹನಿಗಿಂತ ಕಡಿಮೆ, ಎರಡನೆಯದು ಕೆನ್ನೆಗೇ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಬೇಕು, ಇಲ್ಲದಿದ್ದರೆ ಔಷಧ ಗಂಟಲಿಗಿಳಿದು ಬಾಯೆಲ್ಲ ಕಹಿ. ಲೆನ್ಸ್ ಹಾಕುವವರು ಮೊದಲು ತೆಗೆಯಬೇಕು, ಹನಿ ಹಾಕಿ 15 ನಿಮಿಷ ಬಿಟ್ಟು ಹಾಕಿಕೊಳ್ಳಬೇಕು. ಕಣ್ಣು ಕೆಂಪಗಿದ್ದರೆ ಲೆನ್ಸ್ ಬೇಡವೇ ಬೇಡ. ಮುಚ್ಚಳ ತೆರೆದ ತಾರೀಖು ಬಾಟಲಿ ಮೇಲೆ ಬರೆದಿಟ್ಟು ತಿಂಗಳಾದ ಮೇಲೆ ಬಿಸಾಡಿ, ಉಳಿದಿದ್ದರೂ ಸರಿ. ನೋವು, ಮಂಜು, ಬೆಳಕು ಚುಚ್ಚುವುದು, ಕೀವು ಇದ್ದರೆ ಅದು ಬರೀ ಅಲರ್ಜಿ ಅಂತ ಕೂರಬೇಡಿ, ಡಾಕ್ಟರ ಹತ್ತಿರ ಓಡಿ.

ತಿಂಗಳು ಬಿಟ್ಟು ನೋಡಿದಾಗ ಒತ್ತಡ 18. ಆ ತಿಂಗಳು ನಾನು ನಿದ್ದೆ ಮಾಡಿದ್ದು ಅಷ್ಟಕ್ಕಷ್ಟೆ.

ಯುಗಾದಿಗೆ ತಿಪಟೂರಿಗೆ ಹೋಗಿದ್ದೆ. ರಾತ್ರಿ ಅಪ್ಪ ತಮ್ಮ ಟಿಮೋಲಾಲ್ ಹಾಕಿಕೊಳ್ಳುವುದನ್ನು ಮೊದಲ ಸಲ ಗಮನವಿಟ್ಟು ನೋಡಿದೆ. ಟಪ ಟಪ ಅಂತ ಮೂರು ಹನಿ, ಮೂತಿ ರೆಪ್ಪೆಗೆ ಒತ್ತಿಕೊಂಡೇ! ಆ ಔಷಧ ಮೂಗಿನಿಂದ ರಕ್ತಕ್ಕೆ ಸೇರಿದರೆ ಎದೆಬಡಿತವನ್ನೇ ನಿಧಾನ ಮಾಡಬಹುದು. ಪಕ್ಕ ಕೂತು ಮೂಲೆ ಒತ್ತುವುದು ತೋರಿಸಿಕೊಟ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಹಂಗಾದ್ರೆ ಇಷ್ಟು ವರ್ಷ ಕೆನ್ನೆಗೆ ಔಷಧಿ ಹಾಕ್ತಿದ್ನೇನೋ?"

"ಇನ್ನೂ ಒಂದು ನಿಮಿಷ ಇದೆ, ಬೆರಳು ತೆಗೀಬೇಡಿ" ಅಂದೆ.