ಕಪಿಲೆಯ ಬಾವಿಯಿಂದ ಸೌರಫಲಕದವರೆಗೆ

ಶಕ್ತಿಯನ್ನು ಯಾರೂ ಸೃಷ್ಟಿಸಲಾರರು, ಯಾರೂ ನಾಶಮಾಡಲಾರರು. ಅದು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತದೆ, ಅಷ್ಟೆ. ಮಡಕಶಿರಾ ಸೀಮೆಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ನಾನು ಈ ವಾಕ್ಯವನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದೆನೋ ಲೆಕ್ಕವಿಲ್ಲ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಅರ್ಥ ಹೊಳೆಯುತ್ತಿದ್ದುದು ಮಾತ್ರ ಕಪಿಲೆಯ ಮಾತೆತ್ತಿದಾಗ.

ನಮ್ಮ ತಂದೆಯವರ ಕಾಲದಲ್ಲಿ ಹೊಲದ ಬಾವಿಗೆ ಕಪಿಲೆ ಇತ್ತು. ಜೋಡೆತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದಂತೆ ಮಿಣಿ ಎಳೆದು, ತೊಗಲಿನ ಚೀಲ ತುಂಬಿ ಮೇಲೆ ಬಂದು, ಕಾಲುವೆಗೆ ನೀರು ಸುರಿಯುತ್ತಿತ್ತು. ಎತ್ತು ತಿಂದ ಮೇವು ಬಿಸಿಲಿನಿಂದ ಬೆಳೆದದ್ದು. ಆ ಬಿಸಿಲೇ ಎತ್ತಿನ ಬಲವಾಗಿ, ಮೇಲೇರಿದ ನೀರಿನ ಪ್ರಚ್ಛನ್ನಶಕ್ತಿಯಾಯಿತು. ಇಷ್ಟು ತಿಳಿದವನಿಗೆ ಶಕ್ತಿಯ ಪಾಠದ ಅರ್ಧಭಾಗ ಮುಗಿದಂತೆಯೇ ಸರಿ.

ಉಳಿದ ಅರ್ಧ ಅಳತೆಯದು. ವಿದ್ಯುತ್ ಬಿಲ್ಲಿನಲ್ಲಿ ನಾವು ಕಾಣುವ ಒಂದು ಯೂನಿಟ್ಟು, ಒಂದು ಕಿಲೋವಾಟ್ ಯಂತ್ರ ಒಂದು ಗಂಟೆ ನಡೆದಾಗ ವ್ಯಯವಾಗುವ ಶಕ್ತಿ. ನಷ್ಟವೇ ಇಲ್ಲವೆಂದುಕೊಂಡರೆ ಅಷ್ಟರಿಂದ ಒಂದು ಟನ್ ಭಾರವನ್ನು ಸುಮಾರು 367 ಮೀಟರ್ ಮೇಲಕ್ಕೆ ಎತ್ತಬಹುದು. ಗಟ್ಟಿಮುಟ್ಟಾದ ಕೂಲಿಯಾಳು ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಅರ್ಧ ಯೂನಿಟ್ಟಿನ ಆಸುಪಾಸಿನ ಕೆಲಸವೇ ಆಗುತ್ತದೆ. ಬೆಲೆಯಲ್ಲಿ ಅದು ಕೆಲವೇ ರೂಪಾಯಿಯ ಮಾತು. ಈ ಲೆಕ್ಕ ಹೇಳಿದಾಗಲೆಲ್ಲ ತರಗತಿ ನಿಶ್ಶಬ್ದವಾಗುತ್ತಿತ್ತು. ಅಲ್ಲಿದ್ದವರಲ್ಲಿ ಕೂಲಿಯವರ ಮಕ್ಕಳೇ ಹೆಚ್ಚು.

ಇನ್ನು ಈ ಯೂನಿಟ್ಟು ಹುಟ್ಟುವ ಬಗೆ. 1831ರಲ್ಲಿ ಮೈಕೆಲ್ ಫ್ಯಾರಡೆ, ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುವುದೆಂದು ತೋರಿಸಿಕೊಟ್ಟ. ಅಲ್ಲಿಂದೀಚೆಗಿನ ವಿದ್ಯುದಾಗರಗಳಲ್ಲಿ ಬಹುಪಾಲು ಅದನ್ನೇ ದೊಡ್ಡದಾಗಿ ಮಾಡುತ್ತಿವೆ. ಚಕ್ರವನ್ನು ತಿರುಗಿಸುವವರು ಯಾರು ಎಂಬುದಷ್ಟೇ ಬೇರೆ. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಕೈಗೊಂಡು 1902ರಲ್ಲಿ ಚಾಲನೆಗೊಂಡ ಶಿವನಸಮುದ್ರದಲ್ಲಿ ಅದನ್ನು ತಿರುಗಿಸಿದವಳು ಕಾವೇರಿ. ಆ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿ ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲ ಬೆಂಕಿಯಿಂದ ಎದ್ದ ಹಬೆ ತಿರುಗಿಸುತ್ತದೆ. ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋದಷ್ಟು ಕಲ್ಲಿದ್ದಲು ಬೂದಿಯಾಗಬೇಕು, ಅದರ ಶಾಖದಲ್ಲಿ ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಕೈಗಾದಲ್ಲಿಯೂ ಹಬೆಯೇ, ಅಲ್ಲಿ ಒಲೆ ಯುರೇನಿಯಂ ಪರಮಾಣುವಿನದು. ಗಾಳಿಯ ಗಿರಣಿಗಳ ಮಾತು ಹೇಳಲೇಬೇಕಾಗಿಲ್ಲ.

ನಮ್ಮ ಬಾವಿಗೆ ವಿದ್ಯುತ್ತು ಬಂದಾಗ ಎತ್ತುಗಳಿಗೆ ಬಿಡುವಾಯಿತು. ಊರಿಗೆ ಊರೇ ಸಂಭ್ರಮಿಸಿತು. ಆಗ ನೀರು ನಲವತ್ತು ಅಡಿಯಲ್ಲಿತ್ತು. ಲೆಕ್ಕದ ಪ್ರಕಾರ ಒಂದು ಯೂನಿಟ್ಟು ಮೂವತ್ತು ಸಾವಿರ ಲೀಟರಿನಷ್ಟು ನೀರೆತ್ತಬಲ್ಲುದು. ಎತ್ತು ದಣಿಯುತ್ತದೆ, ಮೋಟಾರು ದಣಿಯದು. ಎಲ್ಲರೂ ಎತ್ತಿದರು. ಬಾವಿ ಬತ್ತಿತು, ಕೊಳವೆಬಾವಿ ಬಂತು, ನೀರು ಆರುನೂರು ಅಡಿಗೆ ಇಳಿಯಿತು. ಅಷ್ಟು ಆಳದಿಂದ ಅದೇ ಒಂದು ಯೂನಿಟ್ಟಿಗೆ ಎರಡು ಸಾವಿರ ಲೀಟರ್ ಸಿಕ್ಕರೆ ಪುಣ್ಯ.

ಗಡಿಯಾಚೆಯ ಪಾವಗಡದ ಕಥೆಯೂ ಇದೇ. ನಮ್ಮಕ್ಕನನ್ನು ಕೊಟ್ಟದ್ದು ಅಲ್ಲಿಗೆ. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಎದ್ದು, 2019ರ ಕೊನೆಗೆ ಪೂರ್ಣವಾಯಿತು. ಇಲ್ಲಿ ಚಕ್ರವೂ ಇಲ್ಲ, ಹಬೆಯೂ ಇಲ್ಲ. ಸಿಲಿಕಾನ್ ಫಲಕದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆಗೊಂಡು ಹರಿಯುತ್ತವೆ. ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ ಎಂದು 28 ವರ್ಷಗಳ ಗುತ್ತಿಗೆಗೆ ಪಡೆದರು. ರೈತರನ್ನು ಒಕ್ಕಲೆಬ್ಬಿಸದ ಈ ಏರ್ಪಾಡು ಮೆಚ್ಚತಕ್ಕದ್ದೇ.

ಅಕ್ಕನ ಆರು ಎಕರೆಯೂ ಅದರೊಳಗೆ ಸೇರಿತು. "ಸಾಲ ಮಾಡಿ ಕಡಲೆಕಾಯಿ ಬಿತ್ತೋದು, ಆಮೇಲೆ ಮುಗಿಲು ನೋಡ್ತಾ ಕೂರೋದು. ಈ ದುಡ್ಡು ಮಳೆಯನ್ನ ಕೇಳಿ ಬರೋದಿಲ್ಲ ಕಣೋ ತಮ್ಮಾ" ಎಂದಳು. ಅವಳ ಮಾತಿಗೆ ನನ್ನಲ್ಲಿ ಎದುರುತ್ತರವಿರಲಿಲ್ಲ.

ಆದರೂ ಮೇಷ್ಟರ ಬುದ್ಧಿ, ಲೆಕ್ಕ ಹಾಕಿ ನೋಡಿದೆ. ಆರು ಎಕರೆಗೆ ಹೆಚ್ಚುಕಡಿಮೆ ಒಂದು ಮೆಗಾವಾಟ್. ವರ್ಷದ 8,760 ಗಂಟೆಗಳಲ್ಲಿ ಐದನೆಯ ಒಂದು ಪಾಲು ಪೂರ್ಣಬಲದಿಂದ ನಡೆದ ಲೆಕ್ಕಕ್ಕೆ ಹದಿನೇಳು ಲಕ್ಷಕ್ಕೂ ಮಿಕ್ಕಿ ಯೂನಿಟ್ಟು. ಅಕ್ಕನಿಗೆ ಮೊದಲ ದರದಲ್ಲಿ ಬರುವುದು 1,26,000 ರೂಪಾಯಿ. ಯೂನಿಟ್ಟಿಗೆ ಏಳು ಪೈಸೆ ನೆಲದ ಪಾಲು! ಫಲಕ, ತಂತಿ, ಬಂಡವಾಳ ಅವರದೆಂಬುದು ನಿಜ. ಬಿಸಿಲು ಬಿದ್ದದ್ದು ಯಾರ ಹೊಲದ ಮೇಲೆ ಎಂಬುದೂ ಅಷ್ಟೇ ನಿಜ.

ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಅಕ್ಕನ ಜಗಲಿಯಲ್ಲಿ ಕುಳಿತು ನನ್ನನ್ನು ಕೇಳಿದಳು: "ಹೊಲ ಇದ್ದೋರಿಗೆ ಗುತ್ತಿಗೆ ಬಂತು. ನಮಗೇನು ಬಂತು ಸ್ವಾಮಿ?" ಫಲಕ ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಕೆಲವರಿಗೆ ಸಿಕ್ಕಿದೆ. ಬಿತ್ತನೆಯಿಂದ ಕಾಯಿ ಬಿಡಿಸುವವರೆಗೆ ಒಂದು ಹೊಲ ಕೇಳುತ್ತಿದ್ದಷ್ಟು ಕೈಗಳನ್ನು ಫಲಕಗಳು ಕೇಳುವುದಿಲ್ಲ.

ಇನ್ನೊಂದು ತೊಡಕು ಸೂರ್ಯನದೇ. ಮನೆಮನೆಯಲ್ಲಿ ದೀಪ ಹೊತ್ತಿಸುವ ವೇಳೆಗೆ ಅವನು ಮುಳುಗಿರುತ್ತಾನೆ. ಆಗ ಭಾರವೆಲ್ಲ ಮತ್ತೆ ನೀರು, ಕಲ್ಲಿದ್ದಲುಗಳ ಮೇಲೆ. ಹಗಲಿನ ಹೆಚ್ಚುವರಿಯನ್ನು ಕೂಡಿಡಲು ಬ್ಯಾಟರಿಗಳುಂಟು. ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ತು ಪಡೆಯುವ ವಿಧಾನವೂ ಉಂಟು. ಶ್ರೀಶೈಲದ ಎಡದಂಡೆಯಲ್ಲಿ 150 ಮೆಗಾವಾಟಿನ ಆರು ಯಂತ್ರಗಳು ಎರಡೂ ಕಡೆಗೆ ತಿರುಗಬಲ್ಲಂಥವು.

ಈಗ ನಮ್ಮ ಕಡೆಗೂ ಗುತ್ತಿಗೆಯ ದಲ್ಲಾಳಿಗಳು ಓಡಾಡುತ್ತಿದ್ದಾರೆ. ಪಿತ್ರಾರ್ಜಿತ ನಾಲ್ಕು ಎಕರೆಯ ಮಾತು ಬಂದು, ತಮ್ಮ ನನ್ನ ರುಜು ಕೇಳಿದ್ದಾನೆ. ಕೊಡಬೇಡವೆನ್ನಲು ನಾನು ಯಾರು? ಪಿಂಚಣಿಯಲ್ಲಿ ಉಣ್ಣುವವನು. ಮೂರು ಸಂಗತಿ ಕಾಗದದಲ್ಲಿ ಬರಲಿ ಎಂದಿದ್ದೇನೆ: ಅವಧಿ ಮುಗಿದ ಮೇಲೆ ಫಲಕ, ಕಾಂಕ್ರೀಟು ತೆಗೆದು ಉಳುವಂತೆ ನೆಲ ಬಿಟ್ಟುಕೊಡುವವರು ಯಾರು, ಕಂಪನಿ ಕೈಬದಲಾದರೆ ಗುತ್ತಿಗೆ ಹಣಕ್ಕೆ ಹೊಣೆ ಯಾರು, ನಮ್ಮ ಹೊಲದಲ್ಲಿ ತಲೆಮಾರುಗಳಿಂದ ದುಡಿದ ಎರಡು ಮನೆಯವರಿಗೆ ಕೆಲಸ ಉಂಟೋ ಇಲ್ಲವೋ. ಮೊದಲಿನ ಎರಡನ್ನು ದಲ್ಲಾಳಿ ಬರೆದುಕೊಂಡು ಹೋದ. ಮೂರನೆಯದನ್ನು ಕೇಳಿ ನಕ್ಕ. ಅವನು ತಿರುಗಿ ಬರುವವರೆಗೆ ರುಜು ಹಾಕುವುದಿಲ್ಲವೆಂದು ತಮ್ಮನೂ ಒಪ್ಪಿದ್ದಾನೆ.